‘ಸಿ9’ ಎಂದು ಬರೆದರೆ ಒಂಬತ್ತಕ್ಕಿಂತ ಮೊದಲು ಏಳನ್ನು ಹುಡುಕಿ

ಪ್ರಶ್ನೆ: ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ಈಗ ಒಂದು ಸುಗಮ ಸಂಗೀತದ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಹಾಡು ಒಂದು ಮನೆ ಶ್ರುತಿಯಲ್ಲಿ, ಅಂದರೆ ಸಿ ಮೇಜರ್. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಶೀಟಿನಲ್ಲಿ ಒಂದು ಕಡೆ ‘ಸಿ9’, ಅದರ ಮುಂದೆ ‘ಎಫ್’ ಎಂದಿತ್ತು. ಸಿ ಮೇಜರ್ ಕಾರ್ಡಿಗೆ ಡಿ ಸೇರಿಸಿ ನುಡಿಸಿದೆ. ಗಿಟಾರಿನವರು “ಅದು ಆ್ಯಡ್9, ಡಾಮಿನೆಂಟ್ ನೈನ್ತ್ ಅಲ್ಲ” ಎಂದರು. ಇರುವುದೇ ಏಳು ಸ್ವರ, ಒಂಬತ್ತು ಎಲ್ಲಿಂದ ಬಂತು? ಆಮೇಲೆ ಯಾರೋ ಹೇಳಿಕೊಟ್ಟಂತೆ ಐದೂ ಸ್ವರ ಒಟ್ಟಿಗೆ ಒತ್ತಿದರೆ ಎಲ್ಲ ಕಲಸುಮೇಲೋಗರವಾಯಿತು. ಇದನ್ನು ನುಡಿಸುವುದು ಹೇಗೆ?

ಉತ್ತರ:

ಗಿಟಾರಿನವರು ಹೇಳಿದ್ದು ಸರಿ. ನಿಮ್ಮ ಕೈ ತಪ್ಪಿಸಿದ್ದು ಒಂದೇ ಒಂದು ಕಪ್ಪು ಕೀ, ಬಿ ಫ್ಲಾಟ್. ಹೆಸರಿನಲ್ಲಿ ಒಂಬತ್ತು ಕಂಡಿತು, ಡಿ ಸೇರಿಸಿದಿರಿ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ. ಈ ಹೆಸರಿನಲ್ಲಿ ಬರೆಯದೆ ಬಿಟ್ಟಿರುವ ಏಳು ಇದೆಯಲ್ಲ, ಕಾರ್ಡಿನ ಜೀವ ಇರುವುದು ಅದರಲ್ಲಿ.

ಎಣಿಕೆ ಮುಗಿಸಿಬಿಡೋಣ. ಸಿ ಒಂದು, ಡಿ ಎರಡು, ಇ ಮೂರು ಎಂದು ಎಣಿಸುತ್ತ ಹೋದರೆ ಮೇಲಿನ ಸಿ ಎಂಟು, ಅದರ ಪಕ್ಕದ ಡಿ ಒಂಬತ್ತು. ನಮ್ಮ ಲೆಕ್ಕದಲ್ಲಿ ಅದು ತಾರಸ್ಥಾಯಿಯ ರಿಷಭ, ಬೇರೇನೂ ಅಲ್ಲ. ಹಾಗಾದರೆ ‘ಎರಡು’ ಎಂದೇ ಕರೆಯಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಪಾಶ್ಚಾತ್ಯರು ಕಾರ್ಡ್ ಕಟ್ಟುವುದು ಒಂದು ಬಿಟ್ಟು ಒಂದು ಸ್ವರ ಪೇರಿಸಿ: ಒಂದು, ಮೂರು, ಐದು, ಏಳು, ಒಂಬತ್ತು. ಸ, ಗ, ಪ, ನಿ ಆದಮೇಲೆ ಷಡ್ಜವನ್ನು ದಾಟಿದರೆ ಸಿಗುವುದು ರಿ. ಏಳನ್ನು ಹತ್ತಿಯೇ ಒಂಬತ್ತಕ್ಕೆ ಹೋಗಬೇಕು. ಆದ್ದರಿಂದ ಸುಮ್ಮನೆ ‘9’ ಎಂದು ಬರೆದಿದ್ದರೆ ಏಳೂ ಇದೆ ಎಂದೇ ಅರ್ಥ, ಅದೂ ಕೈಶಿಕಿ ನಿಷಾದ, ಅಂದರೆ ಮೇಲಿನ ಷಡ್ಜಕ್ಕಿಂತ ಒಂದು ಪೂರ್ಣ ಸ್ವರ ಕೆಳಗಿನದು. ಸಿ9 ಎಂದರೆ ಸಿ, ಇ, ಜಿ, ಬಿ ಫ್ಲಾಟ್, ಡಿ. ನಿಷಾದ ಅದಕ್ಕಿಂತ ಅರ್ಧ ಸ್ವರ ಮೇಲಿನ ಕಾಕಲಿಯಾಗಿದ್ದರೆ ‘ಸಿ ಮೇಜರ್9’ ಎಂದು ಬಿಡಿಸಿ ಬರೆಯುತ್ತಾರೆ. ನಿಷಾದವೇ ಬೇಡ, ರಿಷಭ ಮಾತ್ರ ಸಾಕು ಎಂದರೆ ‘ಸಿ ಆ್ಯಡ್9’. ನೀವು ನುಡಿಸಿದ್ದು ಇದನ್ನು. ನಿಷಾದ ಕೈಶಿಕಿಯೇ ಇದ್ದು, ಗಾಂಧಾರ ಅರ್ಧ ಸ್ವರ ತಗ್ಗಿ ಸಾಧಾರಣವಾದರೆ ‘ಸಿ ಮೈನರ್9’. ನಾಲ್ಕರಲ್ಲೂ ಒಂಬತ್ತು ಅದೇ ಡಿ. ಸ್ವಭಾವ ಬದಲಾಗುವುದು ಕೆಳಗಿರುವ ಗ ಮತ್ತು ನಿಗಳಿಂದ.

‘ಡಾಮಿನೆಂಟ್’ ಎನ್ನುವ ಮಾತಿಗೆ ಬರೋಣ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇರೆಯವರಿಗಿಂತ ಬೇಗ ಹತ್ತುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಪಂಚಮಕ್ಕೆ ಡಾಮಿನೆಂಟ್ ಎಂದು ಹೆಸರು. ಶಂಕರಾಭರಣದ, ಅಂದರೆ ಅವರ ಮೇಜರ್ ಸ್ಕೇಲಿನ, ಏಳೂ ಸ್ವರಗಳ ಮೇಲೆ ಒಂದೊಂದಾಗಿ ನಾಲ್ಕು ಸ್ವರದ ಕಾರ್ಡ್ ಕಟ್ಟಿ ನೋಡಿ. ಮೇಜರ್ ಕಾರ್ಡಿನ ಮೇಲೆ ಕೈಶಿಕಿ ನಿಷಾದ ಕೂರುವ ಜೋಡಣೆ ಸಿಗುವುದು ಒಂದೇ ಕಡೆ, ಪಂಚಮದ ಮೇಲೆ. ಸಿ ಶ್ರುತಿಯಲ್ಲಿ ಜಿ, ಬಿ, ಡಿ, ಎಫ್, ಇದೇ ಜಿ7. ಗ್ರಹಭೇದ ಗೊತ್ತಿರುವವರಿಗೆ ಆಶ್ಚರ್ಯವೇನಿಲ್ಲ: ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿ ತಾನೇ? ಹರಿಕಾಂಭೋಜಿಯಲ್ಲಿರುವುದು ಅಂತರ ಗಾಂಧಾರ, ಕೈಶಿಕಿ ನಿಷಾದ, ಚತುಃಶ್ರುತಿ ರಿಷಭ. ಹಿಂದೂಸ್ತಾನಿಯವರಿಗೆ ಖಮಾಜ್ ಥಾಟ್. ಡಾಮಿನೆಂಟ್ ನೈನ್ತ್ ಎಂದರೆ ಆ ಮೇಳದಿಂದ ಮಧ್ಯಮ, ಧೈವತಗಳನ್ನು ಬಿಟ್ಟು ಉಳಿದ ಐದನ್ನು ಒಟ್ಟಿಗೆ ಹಿಡಿದದ್ದು.

ಇದೇ ಐದು ಸ್ವರಗಳನ್ನು ಹಾಡಿನ ಮೂಲ ಷಡ್ಜದ ಕಡೆಯಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಾನು ಪಾಠ ಮಾಡುವಾಗ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಜಿ9 ಎಂದರೆ ಜಿ, ಬಿ, ಡಿ, ಎಫ್, ಎ. ಸಿ ಶ್ರುತಿಯಲ್ಲಿ ಇವು ಪ, ನಿ, ರಿ, ಮ, ಧ. ಏಳರಲ್ಲಿ ಐದು ಬಂದವು. ಬಾರದೆ ಉಳಿದ ಎರಡು ಯಾವುವು? ಸ ಮತ್ತು ಗ. ಮನೆಯ ಕಾರ್ಡಾದ, ಅಂದರೆ ಹಾಡು ಬಂದು ನೆಲೆಸುವ ಕಾರ್ಡಾದ, ಸಿ ಮೇಜರಿನಲ್ಲಿರುವುದು ಸ, ಗ, ಪ. ಅಂದರೆ ಮನೆಗೆ ಮುಟ್ಟಿದಾಗ ಸಿಗಬೇಕಾದ ಎರಡೂ ಹೊಸ ಸ್ವರಗಳನ್ನು ಜಿ9 ಒಂದನ್ನೂ ಬಿಡದೆ ಬಚ್ಚಿಟ್ಟುಕೊಂಡಿದೆ, ಬೇರೆ ಎಲ್ಲವನ್ನೂ ಕೇಳಿಸಿದೆ. ಬರಿಯ ಜಿ7 ಕೂಡ ಸ, ಗಗಳನ್ನು ಮುಚ್ಚಿಡುತ್ತದೆ ನಿಜ, ಆದರೆ ಅದರಲ್ಲಿ ಧೈವತವೂ ಇರುವುದಿಲ್ಲ. ಒಂಬತ್ತು ಸೇರಿದಾಗ ಅದೂ ಭರ್ತಿಯಾಗಿ, ಖಾಲಿ ಉಳಿದ ಜಾಗ ಸರಿಯಾಗಿ ಎರಡಾಗುತ್ತದೆ. ಕಿವಿ ಕಾಯುವುದು ಅವೆರಡಕ್ಕೆ.

ಸಾಗುವ ದಾರಿಯೂ ಸ್ಪಷ್ಟ. ಕಾಕಲಿ ನಿಷಾದ ಅರ್ಧ ಸ್ವರ ಏರಿ ಷಡ್ಜಕ್ಕೆ. ಶುದ್ಧ ಮಧ್ಯಮ ಅರ್ಧ ಸ್ವರ ಇಳಿದು ಗಾಂಧಾರಕ್ಕೆ. ಧೈವತ, ಅದೇ ನಮ್ಮ ಒಂಬತ್ತು, ಇಳಿದು ಪಂಚಮಕ್ಕೆ. ಕೆಳಗಿನ ಪಂಚಮ ಹಾರಿ ಷಡ್ಜಕ್ಕೆ. ನಾಲ್ಕು ಕಂಠಗಳಿಗೆ ಬರೆಯುವಾಗ ಐದು ಸ್ವರ ಹಿಡಿಸುವುದಿಲ್ಲವಾದ್ದರಿಂದ ಕಾರ್ಡಿನ ಐದನೆಯದನ್ನು, ಇಲ್ಲಿ ಡಿಯನ್ನು, ಕೈಬಿಡುವುದು ಹಳೆಯ ಪದ್ಧತಿ. ಅದನ್ನು ಬಿಟ್ಟರೆ ಬಣ್ಣ ಕೆಡುವುದಿಲ್ಲ. ಮೂರನೆಯದನ್ನೋ ಏಳನೆಯದನ್ನೋ ಬಿಟ್ಟರೆ ಕಾರ್ಡೇ ಇಲ್ಲ.

ಈಗ ಶೀಟಿನಲ್ಲಿ ಮುಂದೆ ನಿಮಗೆ ಸಿಗಬಹುದಾದ ‘ಫ್ಲಾಟ್9’, ‘ಶಾರ್ಪ್9’. ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗಳು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ, ನಿಮಗೆ ಅದರ ಅಗತ್ಯವಿಲ್ಲ. ನಮಗೆ ಮೂರು ರಿಷಭಗಳಿವೆ: ಶುದ್ಧ, ಚತುಃಶ್ರುತಿ, ಷಟ್‌ಶ್ರುತಿ. ಕಾರ್ಡಿನ ತಳದ ಸ್ವರವನ್ನು ಷಡ್ಜ ಎಂದುಕೊಂಡರೆ ಫ್ಲಾಟ್9 ಶುದ್ಧ ರಿಷಭ, ಬರಿಯ 9 ಚತುಃಶ್ರುತಿ, ಶಾರ್ಪ್9 ಷಟ್‌ಶ್ರುತಿ. ಷಟ್‌ಶ್ರುತಿ ರಿಷಭ, ಸಾಧಾರಣ ಗಾಂಧಾರ ಎರಡೂ ಒಂದೇ ಕೀ ಎಂದು ನಿಮಗೆ ಗೊತ್ತು. ಚಲನಾಟದಲ್ಲಿ ಅದನ್ನು ರಿಷಭ ಎನ್ನುವುದೇಕೆ? ಗಾಂಧಾರದ ಜಾಗದಲ್ಲಿ ಅಂತರ ಗಾಂಧಾರ ಆಗಲೇ ಬಂದು ಕೂತಿರುವುದರಿಂದ. ಶಾರ್ಪ್9 ಎಂದು ಕರೆಯುವುದಕ್ಕೂ ಇದೇ ಕಾರಣ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಇ7 ಶಾರ್ಪ್9 ಕಾರ್ಡನ್ನು ಎಷ್ಟು ತನ್ನದಾಗಿಸಿಕೊಂಡನೆಂದರೆ ಗಿಟಾರಿನವರು ಈಗಲೂ ಅದನ್ನು ‘ಹೆಂಡ್ರಿಕ್ಸ್ ಕಾರ್ಡ್’ ಎನ್ನುತ್ತಾರೆ.

ಫ್ಲಾಟ್9 ಹೆಚ್ಚಾಗಿ ಬರುವುದು ಮೈನರ್ ಹಾಡುಗಳಲ್ಲಿ. ಜಿ7 ಫ್ಲಾಟ್9 ಎಂದರೆ ಜಿ, ಬಿ, ಡಿ, ಎಫ್, ಎ ಫ್ಲಾಟ್. ಸಿ ಶ್ರುತಿಯಿಂದ ಓದಿದರೆ ಪ, ಕಾಕಲಿ ನಿ, ಚತುಃಶ್ರುತಿ ರಿ, ಶುದ್ಧ ಮ, ಶುದ್ಧ ಧ. ಕೀರವಾಣಿಯಲ್ಲಿ ಸ, ಗ ಬಿಟ್ಟರೆ ಉಳಿಯುವುದು ಇಷ್ಟೇ. ಇನ್ನೂ ಒಂದು ಚಂದವಿದೆ: ಗಾಂಧಾರ ಕೇಳಿಸಿಲ್ಲವಾದ್ದರಿಂದ ಇದು ಕೀರವಾಣಿಯೋ ಸರಸಾಂಗಿಯೋ ಎಂದು ಆ ಗಳಿಗೆಯಲ್ಲಿ ಹೇಳಲಾಗದು. ಎರಡರಲ್ಲೂ ಈ ಐದು ಸ್ವರ ಒಂದೇ. ಮುಂದಿನ ಕಾರ್ಡಿನಲ್ಲಿ ಸಾಧಾರಣ ಗಾಂಧಾರ ಬಂದರೆ ದುಃಖ ಮುಂದುವರಿಯುತ್ತದೆ, ಅಂತರ ಗಾಂಧಾರ ಬಂದರೆ ಮೋಡ ಸರಿದಂತಾಗುತ್ತದೆ. ಮೈನರಿನಲ್ಲಿ ಸಾಗಿದ ಹಾಡನ್ನು ಕೊನೆಯಲ್ಲಿ ಮೇಜರಿಗೆ ತಿರುಗಿಸಬೇಕೆಂದರೆ ನಾನು ಈ ಬಾಗಿಲನ್ನೇ ತೆರೆಯುವುದು.

ಇನ್ನು ಕಲಸುಮೇಲೋಗರದ ವಿಷಯ. ಸಿ, ಡಿ, ಇ, ಜಿ, ಬಿ ಫ್ಲಾಟ್ ಐದನ್ನೂ ಒಂದೇ ಸ್ಥಾಯಿಯಲ್ಲಿ, ಒಂದೇ ಕೈಯಲ್ಲಿ, ಅದೂ ಮಂದ್ರದ ಕಡೆ ಒತ್ತಿರುತ್ತೀರಿ. ಸಿ, ಡಿ, ಇ ಪಕ್ಕಪಕ್ಕ ಅಂಟಿಕೊಂಡು ಕೆಳಗೆ ಮೊಳಗಿದರೆ ಯಾರು ನುಡಿಸಿದರೂ ಗೊಜ್ಜೇ. ಒಂಬತ್ತನ್ನು ಒಂಬತ್ತರ ಜಾಗದಲ್ಲೇ, ಮೇಲುಗಡೆ ಇಡಿ. ಎಡಗೈಯಲ್ಲಿ ಸಿ ಒಂದೇ. ಬಲಗೈಯಲ್ಲಿ ಮಧ್ಯದ ಸಿಯ ಪಕ್ಕದ ಇ, ಮೇಲೆ ಬಿ ಫ್ಲಾಟ್, ಅದರ ಮೇಲೆ ಡಿ. ಜಿಯನ್ನು ಮರೆತುಬಿಡಿ. ನಾಲ್ಕೇ ಸ್ವರ, ನಡುನಡುವೆ ಗಾಳಿಯಾಡುತ್ತದೆ. ಸಿ9 ಪೂರ್ತಿ ಕೇಳಿಸುತ್ತದೆ.

ತಂಡದಲ್ಲಿ ಬೇಸ್ ಗಿಟಾರ್ ಇದ್ದರೆ ಸಿಯನ್ನೂ ಬಿಡಿ. ಇದನ್ನು ನಾನು ಕಲಿತದ್ದು ಬೈಸಿಕೊಂಡು. ಶುರುವಿನಲ್ಲಿ ಒಂದು ಭಾವಗೀತೆಯ ರೆಕಾರ್ಡಿಂಗಿನಲ್ಲಿ, ಓದಿ ಬಂದ ಹುರುಪಿನಲ್ಲಿ, ಎರಡೂ ಕೈ ಸೇರಿಸಿ ಎಂಟೊಂಬತ್ತು ಕೀ ಊರುತ್ತಿದ್ದೆ. ಬೇಸ್ ನುಡಿಸುತ್ತಿದ್ದ ಹಿರಿಯರು ಎರಡು ಟೇಕ್ ಸಹಿಸಿಕೊಂಡರು. ಮೂರನೆಯದಕ್ಕೆ ಹೆಡ್‌ಫೋನ್ ತೆಗೆದಿಟ್ಟು, “ಮಾರಾಯ, ನನಗೂ ಸಂಬಳ ಕೊಡ್ತಾರೆ, ನನ್ನ ಸ್ವರ ನನಗೆ ಬಿಡೋ” ಎಂದರು. ತಳದ ಸ್ವರ ಬಿಟ್ಟ ಸಿ9 ಎಂದರೆ ಇ, ಜಿ, ಬಿ ಫ್ಲಾಟ್, ಡಿ. ಇದನ್ನೇ ಬೇರೆ ಸಂದರ್ಭದಲ್ಲಿ ಇ ಹಾಫ್ ಡಿಮಿನಿಶ್ಡ್ ಎನ್ನುತ್ತಾರೆ, ತಿರುಗಿಸಿಟ್ಟರೆ ಜಿ ಮೈನರ್6. ಹೆಸರು ನಿಶ್ಚಯಿಸುವುದು ಬೇಸ್ ಹಿಡಿದ ಸ್ವರ.

ತಳದ ಸ್ವರ ಬಿಟ್ಟು ನುಡಿಸುವುದರ ಲಾಭ ಬೆರಳಿಗೇ ಗೊತ್ತಾಗಬೇಕು. ಎಡಗೈಯಲ್ಲಿ ಎಫ್, ಎ, ಸಿ, ಇ ಹಿಡಿಯಿರಿ; ಬೇಸ್‌ನಲ್ಲಿ ಡಿ ಇದ್ದರೆ ಇದು ಡಿ ಮೈನರ್9. ಈಗ ಸಿಯನ್ನು ಬಿಗೂ ಇಯನ್ನು ಡಿಗೂ ಇಳಿಸಿ: ಎಫ್, ಎ, ಬಿ, ಡಿ. ಬೇಸ್ ಜಿಗೆ ಹೋದರೆ ಜಿ9 ಆಯಿತು. ಮುಂದೆ ಎಫ್ ಇಗೆ, ಎ ಜಿಗೆ ಇಳಿಯಲಿ, ಬಿ ಮತ್ತು ಡಿ ಅಲ್ಲೇ ಇರಲಿ: ಇ, ಜಿ, ಬಿ, ಡಿ. ಬೇಸ್ ಸಿಗೆ ಬಂದರೆ ಸಿ ಮೇಜರ್9. ಮೂರು ಕಾರ್ಡ್ ದಾಟಿದರೂ ಕೈ ಇದ್ದಲ್ಲೇ ಇದೆ, ಪ್ರತಿ ಸಲ ಎರಡು ಬೆರಳು ಒಂದೊಂದು ಹೆಜ್ಜೆ ಇಳಿದವು, ಅಷ್ಟೇ. ಜಾಝ್ ಪಿಯಾನೊದವರ ದಿನನಿತ್ಯದ ಅನ್ನ ಇದು.

ನಿಮ್ಮ ಗಿಟಾರಿನವರ ಕೈಯನ್ನೂ ಗಮನಿಸಿ. ಸಿ9ಗೆ ಐದನೇ ತಂತಿ ಮೂರನೇ ಫ್ರೆಟ್, ನಾಲ್ಕನೇ ತಂತಿ ಎರಡನೇ ಫ್ರೆಟ್, ಮೇಲಿನ ಮೂರೂ ತಂತಿಗಳಿಗೆ ಮೂರನೇ ಫ್ರೆಟ್ಟಿನಲ್ಲಿ ಉಂಗುರದ ಬೆರಳನ್ನು ಅಡ್ಡ ಹಾಕಿರುತ್ತಾರೆ. ಐದೂ ಸ್ವರ ಅದರಲ್ಲಿವೆ. ತೆರೆದ ತಂತಿ ಯಾವುದೂ ಇಲ್ಲದ್ದರಿಂದ ಇದೇ ಆಕಾರವನ್ನು ಹಾಗೇ ಜಾರಿಸಿದರೆ ಬೇರೆ ನೈನ್ತ್ ಕಾರ್ಡ್. ನಾಲ್ಕು ಫ್ರೆಟ್ ಮುಂದೆ ಹೋದರೆ ಇ9. ಅರ್ಧ ಸ್ವರ ಮೇಲಿಂದ ಜಾರಿ ಬಂದು ಕೂರುವುದು ಬ್ಲೂಸ್ ಗಿಟಾರಿನ ಹಳೆಯ ಚಾಳಿ. ಅಮೆರಿಕದ ಟಿ-ಬೋನ್ ವಾಕರ್ 1940ರ ದಶಕದಲ್ಲೇ ಅದನ್ನು ರೂಢಿಗೆ ತಂದವರಲ್ಲಿ ಪ್ರಮುಖ.

ಬ್ಲೂಸ್ ಹೆಸರು ಬಂತು, ಹಾಗಾಗಿ ಒಂದು ತಿದ್ದುಪಡಿಯನ್ನೂ ಹೇಳಬೇಕು. ‘ಮನೆಗೆ ಹೋಗುವ ಕಾತರ’ ಎಂದು ಇಷ್ಟು ಹೊತ್ತು ವರ್ಣಿಸಿದೆನಲ್ಲ, ಬ್ಲೂಸಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಮನೆಯ ಕಾರ್ಡೇ ಡಾಮಿನೆಂಟ್. 1960ರ ದಶಕದ ನಡುವಿನಿಂದ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದವರು ಫಂಕ್ ಎಂಬ ಲಯಪ್ರಧಾನ ಶೈಲಿ ಕಟ್ಟಿದಾಗ ಒಂದೇ ನೈನ್ತ್ ಕಾರ್ಡಿನ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತಿದ್ದರು. 1965ರಲ್ಲಿ ತಂಡ ಸೇರಿದ ಗಿಟಾರಿಸ್ಟ್ ಜಿಮಿ ನೋಲನ್ ಅಂಥ ಕಾರ್ಡ್ ಹಿಡಿದು ತಂತಿ ಕೆರೆಯುತ್ತಿದ್ದ ಲಯ ಕೇಳಿದರೆ ಎಲ್ಲಿಗೂ ಹೋಗುವ ಆತುರವೇ ಕಾಣುವುದಿಲ್ಲ. ಆಗ ಕಾರ್ಡಿನ ತಳವೇ ಷಡ್ಜ. ಪ, ನಿ, ರಿ, ಮ, ಧ ಎಂದು ಓದುವ ಬದಲು ಸ, ಗ, ಪ, ನಿ, ರಿ ಎಂದು ಓದಬೇಕು. ಅದೇ ಐದು ಕೀ, ಷಡ್ಜ ಎಲ್ಲಿದೆ ಎಂಬುದರ ಮೇಲೆ ಒಮ್ಮೆ ಪ್ರಯಾಣ, ಒಮ್ಮೆ ಠಿಕಾಣಿ.

ಯುರೋಪಿನಲ್ಲೂ ಈ ಕಾರ್ಡಿಗೆ ಮನೆಯ ಹಂಗು ತಪ್ಪಿದ ಕಥೆ ಇದೆ. ಸಂಯೋಜಕ ಸೀಸರ್ ಫ್ರಾಂಕ್ ಬರೆದ ಎ ಮೇಜರ್ ವಯಲಿನ್ ಸೊನಾಟ (1886) ಶುರುವಾಗುವುದೇ ಇ ಮೇಲಿನ ನೈನ್ತ್ ಕಾರ್ಡಿನಿಂದ, ಮನೆ ತೋರಿಸುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಫ್ರಾನ್ಸಿನ ಸಂಯೋಜಕ ಡೆಬ್ಯುಸಿ ಒಂದು ನೈನ್ತ್ ಪಕ್ಕ ಇನ್ನೊಂದು ನೈನ್ತ್ ಇಟ್ಟು, ಯಾವುದನ್ನೂ ಬಿಡುಗಡೆ ಮಾಡದೆ, ಬಣ್ಣ ಬಳಿಯುವವರಂತೆ ಜಾರಿಸಿದರು. ಷೋನ್‌ಬರ್ಗ್‌ದು ಮಾತ್ರ ನಗುವ ಕಥೆ. ವಿಯೆನ್ನಾದ ಈ ಸಂಯೋಜಕ 1899ರಲ್ಲಿ ಆರು ತಂತಿವಾದ್ಯಗಳಿಗೆ ಬರೆದ ಕೃತಿಯಲ್ಲಿ ಒಂಬತ್ತನೆಯ ಸ್ವರವನ್ನೇ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದ. ಅಂಥ ತಿರುವು ಪಠ್ಯದಲ್ಲಿ ಇರಲಿಲ್ಲ. ಆ ಕಾರ್ಡಿನ ಕಾರಣಕ್ಕೆ ವಿಯೆನ್ನಾದ ಸಂಗೀತ ಸಂಘವೊಂದು ಕೃತಿಯನ್ನು ತಿರಸ್ಕರಿಸಿತು. ಸರಿಯೇ ಬಿಡಿ, ಇಲ್ಲದ ಕಾರ್ಡನ್ನು ನುಡಿಸುವುದಾದರೂ ಹೇಗೆ ಎಂದು ಷೋನ್‌ಬರ್ಗ್ 1911ರ ತನ್ನ ಹಾರ್ಮನಿ ಗ್ರಂಥದಲ್ಲಿ ಕುಟುಕಿದ್ದಾನೆ. ನೀವು ಮಾತ್ರ ಸದ್ಯಕ್ಕೆ ಒಂಬತ್ತನ್ನು ಕೆಳಗೆ ಇಡಬೇಡಿ.

ನಿಮ್ಮ ತಂಬೂರಿಯೂ ಈ ಕಾರ್ಡಿಗೆ ದೂರದ ನಂಟೇ. ಮಂದ್ರ ಷಡ್ಜದ ತಂತಿಯಲ್ಲಿ ಸ್ವಯಂಭೂ ಗಾಂಧಾರ ಹೊಮ್ಮುವುದನ್ನು ಕೇಳಿದ್ದೀರಿ. ತಂತಿಯ ಮೂಲ ಕಂಪನ ಸೆಕೆಂಡಿಗೆ 100 ಎಂದುಕೊಳ್ಳಿ. ಅದರ ಜೊತೆ 200, 300, 400 ಹೀಗೆ ಉಪಸ್ವರಗಳೂ ಮೊಳಗುತ್ತವೆ. 400 ಷಡ್ಜ, 500 ಅಂತರ ಗಾಂಧಾರ, 600 ಪಂಚಮ, 700 ಕೈಶಿಕಿ ನಿಷಾದದ ಹತ್ತಿರ, 900 ತಾರ ರಿಷಭ. ಇದೇ ನೈನ್ತ್ ಕಾರ್ಡಿನ ಸಾಲು. ‘ಹತ್ತಿರ’ ಎಂದದ್ದು ಬೇಕೆಂದೇ. ಕೀಬೋರ್ಡಿನಲ್ಲಿ ಷಡ್ಜ 400 ಇದ್ದರೆ ಬಿ ಫ್ಲಾಟ್ ಸುಮಾರು 713ರಲ್ಲಿ ಇರುತ್ತದೆ, ಅಂದರೆ ಉಪಸ್ವರಕ್ಕಿಂತ ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಮೇಲೆ. ಗಾಂಧಾರವೂ 504, ತುಸು ಏರು. ರಿಷಭ 898, ಹೆಚ್ಚುಕಡಿಮೆ ಸರಿ. ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಅದರ ಮೇಲೆ ಸಿ9 ಒತ್ತಿದಾಗ ಬಿ ಫ್ಲಾಟ್ ಸ್ವಲ್ಪ ಚುಚ್ಚಿದಂತೆ ಅನಿಸಿದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ.

ರಾಗದ ಮೇಲೆ ಕಟ್ಟಿದ ಹಾಡುಗಳಲ್ಲಿ ಎಚ್ಚರ ಬೇಕು. ಮೋಹನದ ಹಾಡಿಗೆ ಜಿ9 ಹಾಕಿದರೆ ಅದರಲ್ಲಿರುವ ಬಿ ಮತ್ತು ಎಫ್ ರಾಗದಲ್ಲಿಲ್ಲದ ನಿ ಮತ್ತು ಮ. ಸಿನಿಮಾ ಹಾಡಿನಲ್ಲಿ ಯಾರೂ ಕೇಳುವುದಿಲ್ಲ, ಆದರೆ ನನಗೆ ಅದು ಪಾಯಸಕ್ಕೆ ಒಗ್ಗರಣೆ ಹಾಕಿದಂತೆ. ಅಲ್ಲಿ ಜಿ, ಡಿ, ಎ ಮೂರನ್ನೇ ನುಡಿಸುತ್ತೇನೆ: ಪ, ರಿ, ಧ. ಒಂಬತ್ತಿನ ವಿಸ್ತಾರ ಸಿಗುತ್ತದೆ, ರಾಗ ಕೆಡುವುದಿಲ್ಲ. ಇನ್ನೊಂದು ತೊಡಕು, ನಮ್ಮ ಗಾಯಕರು ಷಡ್ಜದ ಮೇಲೆ ನಿಂತುಬಿಡುವುದು. ಅವರು ಸ ಎಳೆಯುತ್ತಿರುವಾಗ ನೀವು ಜಿ9 ಒತ್ತಿದರೆ ಅದರ ಬಿ ಆ ಷಡ್ಜಕ್ಕೆ ಅರ್ಧ ಸ್ವರದಲ್ಲಿ ತಾಗುತ್ತದೆ. ಆಗ ಜಿ9 ಸಸ್4 ಬಳಸಿ, ಅಂದರೆ ಮೂರನೆಯ ಸ್ವರವಾದ ಬಿ ಬದಲು ನಾಲ್ಕನೆಯದಾದ ಸಿ. ಹೆಸರು ಉದ್ದ, ಕೈಗೆ ಸುಲಭ: ಎಡಗೈಯಲ್ಲಿ ಜಿ, ಬಲಗೈಯಲ್ಲಿ ಎಫ್ ಮೇಜರ್. ಗಾಯಕರ ಷಡ್ಜ ಕಾರ್ಡಿನ ಒಳಗೇ ಇರುತ್ತದೆ.

ಈಗ ನಿಮ್ಮ ಹಾಡು. ಸಿ9 ಆದಮೇಲೆ ಎಫ್ ಎಂದಿದ್ದೀರಿ. ಹಾಡಿನ ಷಡ್ಜ ಸಿ, ಆದರೆ ಆ ಒಂದು ಕಾರ್ಡಿನ ಮಟ್ಟಿಗೆ ಬಿ ಫ್ಲಾಟ್ ಬಂದು ಸಿಯನ್ನು ಎಫ್‌ನ ಪಂಚಮವನ್ನಾಗಿ ಮಾಡುತ್ತದೆ. ಎಫ್ ಕಡೆಯಿಂದ ನೋಡಿದರೆ ಸಿ9ರಲ್ಲಿ ಇಲ್ಲದಿರುವುದು ಎಫ್ ಮತ್ತು ಎ, ಅದೇ ಸ, ಗ. ಆ್ಯಡ್9 ನುಡಿಸಿದಾಗ ಡಿಯ ಹೊಳಪೇನೋ ಬಂತು, ಎಫ್ ಕಡೆಗೆ ತಳ್ಳುವ ಬಿ ಫ್ಲಾಟ್ ಇರಲಿಲ್ಲ. ಗಿಟಾರಿನವರ ಕಿವಿಗೆ ಸಪ್ಪೆ ಎನಿಸಿದ್ದು ಅದಕ್ಕೆ.

ಬಲಗೈಯಲ್ಲಿ ಇ, ಬಿ ಫ್ಲಾಟ್, ಡಿ ಹಿಡಿದವರು ಅಲ್ಲಿಂದ ಎಫ್, ಎ, ಸಿಗೆ ಹೋಗಿ: ಇ ಅರ್ಧ ಸ್ವರ ಏರುತ್ತದೆ, ಉಳಿದೆರಡು ಇಳಿಯುತ್ತವೆ. ನಿಧಾನವಾಗಿ ಹತ್ತು ಸಲ ಮಾಡಿ, ಪ್ರತಿ ಬೆರಳಿನ ಸ್ವರವನ್ನು ಒಂದೊಂದಾಗಿ ಬಾಯಲ್ಲಿ ಹಾಡಿಕೊಳ್ಳಿ. ತಂಡದೊಂದಿಗೆ ನುಡಿಸುವ ಮೊದಲು ಆ ಸಾಲಿನಲ್ಲಿ ಗಾಯಕರು ಕಾಕಲಿ ನಿಷಾದ ಹಿಡಿಯುತ್ತಾರಾ ಎಂದು ಕೇಳಿಸಿಕೊಳ್ಳಿ. ಹಿಡಿದರೆ ಅವರ ಬಿಗೂ ನಿಮ್ಮ ಬಿ ಫ್ಲಾಟಿಗೂ ಜಗಳ. ಹಾಗಿದ್ದರೆ ಸಿ ಮೇಜರಿನಲ್ಲೇ ಕಾದಿದ್ದು, ಅವರು ಷಡ್ಜಕ್ಕೆ ಬಂದು ಕೂತಮೇಲೆ ಎಫ್‌ಗೆ ಮುಂಚಿನ ಕೊನೆಯ ಬೀಟಿನಲ್ಲಿ ಮಾತ್ರ ಬಿ ಫ್ಲಾಟ್, ಡಿ ಎರಡನ್ನೂ ಒತ್ತಿ.